ಕುಂಕುಮದ ಕೆಳಗಿನ ನಂಬರು

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 10.20ಕ್ಕೆ ಶಹಾಬಾದ ನಗರ ಠಾಣೆಗೆ ಒಂದು ದೂರು ಬಂತು. ಕೊಲೆಯಲ್ಲ, ದರೋಡೆಯೂ ಅಲ್ಲ. ಕಾರು ಮನೆಯಲ್ಲೇ ಇದೆ, ಚಾಲೂ ಇದೆ, ಗಾಜಿಗೊಂದು ಗೀರು ಬಿದ್ದಿಲ್ಲ. ಆದರೆ ಒಳಗಿರುವ ಇಂಜಿನ್ ಮಾತ್ರ ಅದರದ್ದಲ್ಲ ಎಂಬುದು ದೂರು. ಇನ್‌ಸ್ಪೆಕ್ಟರ್ ಮಡಿವಾಳಯ್ಯನವರು ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಎಮ್ಮೆ ಅದಲು ಬದಲಾದ ಕೇಸು ನೋಡಿದ್ದರು, ಮದುಮಗಳೇ ಅದಲು ಬದಲಾದ ಕೇಸೂ ಒಂದು ನೋಡಿದ್ದರು. ಇಂಥದ್ದು ಕಂಡಿರಲಿಲ್ಲ.

ಅವರ ಜೀವವೂ ಅಂದು ನೆಟ್ಟಗಿರಲಿಲ್ಲ. ಡಾಕ್ಟರು ಹೆದರಿಸಿದ ಮೇಲೆ ಅಡಿಕೆ-ತಂಬಾಕು ಬಿಟ್ಟು ಹನ್ನೊಂದು ದಿನವಾಗಿತ್ತು. ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು, ಖಾಲಿಯಾಗಿ ಹೊರಗೆ ಬರುತ್ತಿತ್ತು. ಕುರ್ಚಿಯಲ್ಲಿ ಕೂತರೆ ಮುಳ್ಳು, ಎದ್ದರೆ ತಲೆಬಿಸಿ. ಎದುರಿಗೆ ನಿಂತ ದೂರುದಾರನೂ ಕೂರುವ ಮನಸ್ಸಿನಲ್ಲಿ ಇರಲಿಲ್ಲ. ಹೀಗಾಗಿ ಇಬ್ಬರೂ ನಿಂತುಕೊಂಡೇ ಮಾತಾಡಿದರು.

ದೂರುದಾರ ಅರುಣಕುಮಾರ, ವಯಸ್ಸು ನಲವತ್ತಾರು, ಊರ ಹೊರಗಿನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಷ್ ಫ್ಯಾಕ್ಟರಿಯ ಮಾಲೀಕ.

"ಗಾಡಿ ಯಾವುದ್ರಿ?"

"ಲ್ಯಾಂಡ್‌ಮಾಸ್ಟರ್ ರೀ. ಐವತ್ತೈದನೇ ಇಸವಿದು. ಅಂಬಾಸಿಡರ್ ಬರೂಕಿಂತ ಮದಲಿಂದು. ನಮ್ಮ ಅಜ್ಜ ತಗೊಂಡಿದ್ದು. ನಮ್ಮಪ್ಪ ಶಿವರಾಯಪ್ಪ ಜಿಂದಗಿ ಎಲ್ಲಾ ಅದರಾಗೇ ತಿರಗ್ಯಾರ."

"ಈಗ ಯಾರ ಹೆಸರಿಲೆ ಅದ?"

"ನನ್ನ ಹೆಸರಿಲೆ. ಅಪ್ಪ ಐದು ವರ್ಷದ ಹಿಂದ ಮಾಡಿಕೊಟ್ಟಾರ. ಅವರಿಗಿ ಈಗ ನೆನಪು ಕೆಟ್ಟದ, ಕೊಡ್ಲಿ ಊರಾಗ ನಮ್ಮ ಅಕ್ಕನ ಮನ್ಯಾಗ ಇರ್ತಾರ. ಗಾಡಿ ಹೈದರಾಬಾದಿನವರಿಗಿ ಮಾರೂದು ಪಕ್ಕಾ ಆಗಿತ್ತು. ಶನಿವಾರ ಅವರ ಕಡಿ ಒಬ್ಬ ನೋಡ್ಲಿಕ್ಕೆ ಬಂದ. ಇಂಜಿನ್ ಮ್ಯಾಲಿನ ಕುಂಕುಮ ಒರಸಿದ, ಬ್ಯಾಟರಿ ಬೆಳಕು ಹಿಡದು ನೋಡಿದ, ಕೈ ತೊಳಕೊಂಡ. 'ಈ ಇಂಜಿನ್ ಈ ಗಾಡೀದಲ್ಲ' ಅಂದು ಚಾ ಸುದ್ದಾ ಕುಡೀದೇ ಹ್ವಾದ."

"ಇಂಜಿನ್ ನಂಬರ್ ಆರ್.ಸಿ. ಪುಸ್ತಕಕ್ಕ ಹೊಂದತದೇನು?"

"ಹೊಂದತದ್ರಿ. ಅದೇ ನನಗ ತಿಳೀವಲ್ದು."

"ಸಂಶಯ ಯಾರ ಮ್ಯಾಲ?"

"ವಾಡಿಯ ಲಾಲ್ ಅಹ್ಮದ್ ಮ್ಯಾಲ. ನವೆಂಬರ್ ಎಂಟರಿಂದ ಜನವರಿ ಹತ್ತರ ತನ ಗಾಡಿ ಅವನ ಗ್ಯಾರೇಜಿನ್ಯಾಗೇ ಇತ್ತು. ಬ್ಯಾರೆ ಯಾರ ಕೈಲೆ ಆಗ್ತದ್ರಿ ಇದು?"

11.45ಕ್ಕೆ ಎಫ್.ಐ.ಆರ್. ದಾಖಲಾಯಿತು. ಆರೋಪಿತನ ಹೆಸರಿನ ಜಾಗದಲ್ಲಿ ಲಾಲ್ ಅಹ್ಮದ್, ವಯಸ್ಸು 71, ಸಾಕಿನ್ ವಾಡಿ ಎಂದು ಬಿತ್ತು. ಊಟದ ಹೊತ್ತಿಗೆ ಡಿವೈಎಸ್‌ಪಿ ಸಾಹೇಬರ ಫೋನು ಬಂತು. ಅರುಣಕುಮಾರನ ಬೀಗರಿಗೆ ಮೇಲಿನವರ ಪರಿಚಯ ಚೆನ್ನಾಗಿಯೇ ಇತ್ತು. ಶುಕ್ರವಾರ ಸಂಜೆಯೊಳಗೆ ದಸ್ತಗಿರಿ ತೋರಿಸಬೇಕು ಎಂದು ಅಪ್ಪಣೆಯಾಯಿತು. ಅಲ್ಲಿಗೆ ಮಡಿವಾಳಯ್ಯನವರ ಕೈಯಲ್ಲಿ ಉಳಿದದ್ದು ಮೂರು ದಿನ. ಅಷ್ಟರೊಳಗೆ ಬೇರೇನೂ ಸಿಗದಿದ್ದರೆ ಎಪ್ಪತ್ತೊಂದರ ಮುದುಕನನ್ನು ಒಳಗೆ ಹಾಕುವುದೇ ಗತಿ.

ಮರುದಿನ, ಬುಧವಾರ 8.30ಕ್ಕೆ ಫ್ಯಾಕ್ಟರಿಯ ಶೆಡ್ಡಿನಲ್ಲಿ ಸ್ಥಳ ಪಂಚನಾಮೆ. ಕಲಬುರಗಿ ಆರ್.ಟಿ.ಓ. ಕಚೇರಿಯಿಂದ ಮೋಟಾರು ವಾಹನ ನಿರೀಕ್ಷಕಿ ದಾನಮ್ಮ ಬಂದಿದ್ದರು. ನಲವತ್ತರ ಹೆಂಗಸು, ಮಾತು ಕಡಿಮೆ. ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ಬಾನೆಟ್ಟಿನೊಳಗೆ ತಲೆ ಹಾಕಿದವರು ಇಪ್ಪತ್ತು ನಿಮಿಷ ಹೊರಗೆ ತೆಗೆಯಲಿಲ್ಲ. ಮಡಿವಾಳಯ್ಯನವರು ಅಷ್ಟರಲ್ಲಿ ಶೆಡ್ಡನ್ನು ಏಳು ಸುತ್ತು ಹಾಕಿದ್ದರು.

"ಸರ್, ಸ್ವಲ್ಪ ನಿಂದರ್ರಿ, ತೋರಸ್ತೀನಿ," ಎಂದು ದಾನಮ್ಮ ಕರೆದರು. "ಇಲ್ಲಿ ನೋಡ್ರಿ, ನಂಬರ್ ಹೊಡ್ಯೋ ಪಟ್ಟಿ. ಕಾರ್ಖಾನಿದಾಗ ಇದು ಒರಟಾಗೇ ಇರ್ತದ. ಇಲ್ಲಿ ಗ್ರೈಂಡರ್ ಆಡ್ಸ್ಯಾರ, ನುಣ್ಣಗ ಆಗ್ಯದ. ಅಂಕಿ ನೋಡ್ರಿ, 62741. ಒಂದು ಮ್ಯಾಲ ಏರ್‍ಯದ, ಒಂದು ಕೆಳಗ ಇಳದದ. ಕೈಲೆ ಸುತ್ತಿಗಿಲೆ ಹೊಡದಿದ್ದು. ಕಾರ್ಖಾನಿ ಅಂಕಿ ಹಿಂಗ ಕುಣ್ಯಂಗಿಲ್ಲ."

"ಅಂದ್ರ ಇಂಜಿನ್ ಬ್ಯಾರೇದು ಅಂತ ಬರೀಲೇನು?"

"ಹಂಗ ಬರೀಲಿಕ್ಕೆ ಬರಂಗಿಲ್ಲ. ಹಳೇ ಇಂಜಿನ್ ಒಡದು, ಅದೇ ಮಾಡೆಲ್ಲಿನ ಮತ್ತೊಂದು ಬ್ಲಾಕ್ ಹಾಕಿ ಅದೇ ನಂಬರ್ ಹೊಡ್ಯೋ ಚಾಳಿ ಮದಲು ಇತ್ತು. ಐವತ್ತು ವರ್ಷದ ಹಿಂದೇ ಹೊಡದಿರಬೇಕು ಅಂತ ವಕೀಲ ವಾದ ಮಾಡ್ತಾನ. ಅಸಲಿ ನಂಬರಿನ ಹಳೇ ದಾಖಲಾ ಬೇಕು. ಆರ್.ಸಿ. ಸಾಲಂಗಿಲ್ಲ, ಯಾಕಂದ್ರ ಹೊಡದಾಂವ ಅದಕ್ಕ ಹೊಂದ್ಸೇ ಹೊಡದಾನ."

ಒರೆಸಿ ಉಳಿದ ಕುಂಕುಮವನ್ನು ಅವರು ಬಿಳಿ ಬಟ್ಟೆಗೆ ತಿಕ್ಕಿದರು. ಬಟ್ಟೆ ಕೆಂಪಾಯಿತು. ವಾಹನಗಳಿಗೆ ಕುಂಕುಮ ಹಚ್ಚುವ ದಸರೆಯ ಖಂಡೆ ಪೂಜೆ ಮುಗಿದು ನಾಲ್ಕು ತಿಂಗಳಾಗಿತ್ತು, ಈ ಕುಂಕುಮ ಮಾತ್ರ ಅದಕ್ಕಿಂತ ಹೊಸದು. ಬಟ್ಟೆಯನ್ನು ಲಕೋಟೆಗೆ ಹಾಕಿ ಪಂಚರ ಸಹಿ ಪಡೆಯಲಾಯಿತು.

ಅಲ್ಲಿಂದ ಸೀದಾ ವಾಡಿಗೆ ಹೊರಟರು. ಜೀಪು ನಡೆಸಿದವನು ಕಾನ್‌ಸ್ಟೆಬಲ್ ಫೈಜಾನ್. ಇಪ್ಪತ್ತೇಳರ ಹುಡುಗ, ಚುರುಕು. ಬೇಡವೆಂದರೂ ದಾರಿಯುದ್ದಕ್ಕೂ ಹಾಡು ಗುನುಗುವ ಚಟವೊಂದು ಬಿಟ್ಟರೆ ದೂರುವಂಥದ್ದೇನೂ ಅವನಲ್ಲಿ ಇರಲಿಲ್ಲ.

ಸುದ್ದಿ ಅವರಿಗಿಂತ ಮೊದಲೇ ವಾಡಿ ಮುಟ್ಟಿತ್ತು. ರೈಲ್ವೆ ಗೋಡೆಯ ಪಕ್ಕದ ಗ್ಯಾರೇಜಿನ ಮುಂದೆ ಒಬ್ಬ ಗಿರಾಕಿ ಅರ್ಧ ಬಿಚ್ಚಿದ ತನ್ನ ಜೀಪನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದ. ಲಾಲ್ ಅಹ್ಮದ್ ಅದನ್ನು ನೋಡುತ್ತ ನಿಂತಿದ್ದರು. ಬಿಳಿ ಗಡ್ಡ, ಎಣ್ಣೆಯ ಕೈ, ಕತ್ತಿಗೆ ದಾರ ಕಟ್ಟಿದ ಕನ್ನಡಕ.

"ಬರ್ರಿ ಸಾಬ್, ಕುಂದ್ರಿ. ಇವತ್ತು ಗಿರಾಕಿ ಇಲ್ಲ, ಪುರುಸೊತ್ತು ಭಾಳ ಅದ," ಎಂದರು.

ಮಡಿವಾಳಯ್ಯನವರು ಕೂರಲಿಲ್ಲ. "ಲ್ಯಾಂಡ್‌ಮಾಸ್ಟರ್‌ದು ಏನೇನು ಕೆಲಸ ಮಾಡೀರಿ?"

"ಬಾಡಿ, ಬ್ರೇಕ್, ವಾಯರಿಂಗ್. ಸೀಟು ಹೊಸಾವು ಹಾಕ್ಸೀನಿ. ಇಂಜಿನ್‌ದು ಪ್ಲಗ್ ಬದಲಿ ಮಾಡಿದ್ದು ಬಿಟ್ರ ಕೈ ಹಚ್ಚಿಲ್ಲ. ಅದಕ್ಕ ಜರೂರತ್ತೇ ಇರಲಿಲ್ಲ. ಹುಲಿ ಇದ್ದಂಗಿತ್ತು."

"ನಂಬರ್ ನೋಡಿದ್ರೇನು?"

"ಹ್ಯಾಂಗ ನೋಡ್ಲಿ ಸಾಬ್? ಎಪ್ಪತ್ತು ದಸರಾದ ಕುಂಕುಮ ಅದರ ಮ್ಯಾಲ. ಎಣ್ಣಿ ಕುಡದು ಕುಡದು ಕರ್ರಗ ಆಗಿ ಬೆರಳು ದಪ್ಪ ಕೂತಿತ್ತು. ಮಂದಿ ದೇವರು ಅಂತ ಹಚ್ಚಿದ್ದು, ನಾ ಯಾಕ ಕೆರೀಲಿ?"

"ಆರ್.ಸಿ. ಪುಸ್ತಕ ನಿಮ್ಮ ಕಡಿ ಇತ್ತೇನು?"

"ಇಲ್ಲ. ಕಾಗದ ಎಲ್ಲಾ ಮಾಲಕರ ತಿಜೋರಿದಾಗ. ಗ್ಯಾರೇಜಿಗಿ ಕಾಗದ ಯಾಕ ಬೇಕು."

ಮಡಿವಾಳಯ್ಯನವರು ಗ್ಯಾರೇಜನ್ನೆಲ್ಲ ಹುಡುಕಿಸಿದರು. ಲ್ಯಾಂಡ್‌ಮಾಸ್ಟರಿನ ನಟ್ಟೊಂದೂ ಸಿಗಲಿಲ್ಲ. ಹೊರಡುವಾಗ ಮುದುಕ ಜೀಪಿನ ಹತ್ತಿರ ಬಂದರು.

"ಸಾಬ್, ಐವತ್ತು ವರ್ಷ ಆತು. ಒಂದು ವಾಸರ್ ಬದಲಿ ಮಾಡಿದ್ರ ಹಳೇದು ಪೇಪರಿನ್ಯಾಗ ಸುತ್ತಿ ಗಿರಾಕಿ ಕೈಯಾಗ ಕೊಡ್ತೀನಿ. ಜೇಲಿಗಿ ಹೋಗ್ಲಿಕ್ಕೆ ನನಗ ಅಂಜಿಕಿ ಇಲ್ಲ. ಲಾಲ್ ಅಹ್ಮದ್ ಗಿರಾಕಿದು ಇಂಜಿನ್ ಕದ್ದ ಅಂಬೋ ಮಾತು ಕೇಳ್ಕೊಂತ ಸಾಯೂದು ಬ್ಯಾಡಾಗ್ಯದ."

ಮಡಿವಾಳಯ್ಯನವರಿಗೆ ಅವರ ಮಾತು ನಿಜವೆನ್ನಿಸಿತು, ಹಾಗೆನ್ನಿಸಿದ್ದಕ್ಕೆ ಸಿಟ್ಟೂ ಬಂತು. ಅನ್ನಿಸಿದ್ದನ್ನು ಕೇಸ್ ಡೈರಿಯಲ್ಲಿ ಬರೆಯಲಾಗುವುದಿಲ್ಲವಲ್ಲ. ಅಂದು ರಾತ್ರಿ ಅವರು ಊಟ ಸರಿಯಾಗಿ ಮಾಡಲಿಲ್ಲ, ಹೆಂಡತಿಯ ಮೇಲೆ ಸುಮ್ಮನೆ ರೇಗಿದರು, ಆಮೇಲೆ ಅದಕ್ಕೂ ಬೇಜಾರು ಮಾಡಿಕೊಂಡರು.

ಗುರುವಾರ ಮಧ್ಯಾಹ್ನ 3.40ಕ್ಕೆ ದಾನಮ್ಮನ ಫೋನು ಬಂತು. ಕಲಬುರಗಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆಯ ಗಂಟುಗಳನ್ನು ಎರಡು ದಿನ ಬಿಚ್ಚಿಸಿ ಕೊನೆಗೂ ಕಡತ ಹಿಡಿದಿದ್ದರು. ಐವತ್ತು ನಿಮಿಷದಲ್ಲಿ ಇನ್‌ಸ್ಪೆಕ್ಟರ್ ಮತ್ತು ಫೈಜಾನ್ ಅಲ್ಲಿದ್ದರು.

ಕಡತದಲ್ಲಿ ಎರಡು ಹಾಳೆ. ಒಂದು 1957ರದ್ದು. ಗುಲಬರ್ಗಾ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಗಾಡಿಗಳಿಗೆಲ್ಲ ಹೊಸ ಪುಸ್ತಕ ಬರೆದಾಗಿನ ಹಾಳೆ ಅದು, ಇಂಗ್ಲಿಷಿನಲ್ಲಿ 62741 ಎಂದಿತ್ತು. ಇನ್ನೊಂದು ಅದಕ್ಕಿಂತ ಹಳೆಯದು, 1955ರದ್ದು, ನಿಜಾಮರ ಕಾಲದಿಂದ ಕೂತ ಗುಮಾಸ್ತನೊಬ್ಬ ಗಾಡಿಯ ಮುಂದೆ ನಿಂತು ಉರ್ದುವಿನಲ್ಲಿ ಬರೆದುಕೊಂಡದ್ದು. ಕಚೇರಿಯಲ್ಲಿ ಈಗ ಉರ್ದು ಓದುವವರು ಯಾರೂ ಇರಲಿಲ್ಲ.

"ನಾ ನಾಕನೇತ್ತಾ ತನ ಉರ್ದು ಸಾಲ್ಯಾಗ ಓದೀನಿ ಸರ್," ಎಂದು ಫೈಜಾನ್ ಹಾಳೆಯನ್ನು ಬೆಳಕಿಗೆ ಹಿಡಿದ. ಬೆರಳಿಟ್ಟು ಒಂದೊಂದೇ ಅಂಕಿ ಓದಿದ. "ಆರು. ಎರಡು. ಎಂಟು. ನಾಕು. ಒಂದು."

"ಏಳು ಅನ್ನು. ಎಂಟು ಎಲ್ಲಿಂದ ಬಂತು?"

"ಎಂಟೇ ಅದರಿ ಸರ್. ಉರ್ದುದಾಗ ಏಳರ ಬಾಯಿ ಮ್ಯಾಲ ಇರ್ತದ, ಎಂಟರ ಬಾಯಿ ಕೆಳಗ. ಇದು ಬಾಯಿ ಕೆಳಗ ಮಾಡಿಕೊಂಡದ ನೋಡ್ರಿ. ಹೊಸಾ ಪುಸ್ತಕ ಬರದ ಮನಷಾಗ ಉರ್ದು ಬರ್ತಿದ್ದಿಲ್ಲ ಕಾಣ್ತದ. ತಲಿಕೆಳಗ ತಿಳಕೊಂಡು ಏಳು ಬರದಾನ."

ದಾನಮ್ಮ ಕನ್ನಡಕ ತೆಗೆದಿಟ್ಟರು. ಅರವತ್ತೆಂಟು ವರ್ಷದಿಂದ ಆ ಪುಸ್ತಕದಲ್ಲಿ ತಪ್ಪು ನಂಬರು ಕೂತಿತ್ತು. ಇಂಜಿನ್ನಿನ ಮೇಲಿನ ನಿಜವಾದ ನಂಬರನ್ನು ಕುಂಕುಮ ಮುಚ್ಚಿತ್ತು. ಆದ್ದರಿಂದ ಇವೆರಡೂ ಬೇರೆ ಬೇರೆ ಎಂದು ಯಾರಿಗೂ ತಿಳಿದೇ ಇರಲಿಲ್ಲ.

ಮಡಿವಾಳಯ್ಯನವರು ಕಚೇರಿಯ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದರು. ಅವರಿಗೆ ಕಾಲು ನಡೆದರೇನೇ ತಲೆ ನಡೆಯುವುದು. ಮೂರನೇ ಸುತ್ತಿಗೆ ನಿಂತರು.

"ಫೈಜಾನ್, ಅಸಲಿ ಇಂಜಿನ್ ಮುಂದ ಇಟ್ಕೊಂಡು ನೋಡಿ ಹೊಡದಿದ್ರ ಎಂಟು ಬರಬೇಕಿತ್ತು. ಏಳು ಬಂದದ. ಅಂದ್ರ ಹೊಡದಾಂವ ಇಂಜಿನ್ ನೋಡಿಲ್ಲ, ಪುಸ್ತಕ ನೋಡಿ ಹೊಡದಾನ. ಲಾಲ್ ಅಹ್ಮದ್ ಕಡಿ ಇಂಜಿನ್ ಇತ್ತು, ಪುಸ್ತಕ ಇರಲಿಲ್ಲ."

"ಹಂಗಾದ್ರ ಪುಸ್ತಕ ಯಾರ ಕೈಯಾಗ ಇತ್ತು ಸರ್?"

"ಅದನ್ನೇ ಕೇಳೂನು ನಡಿ."

ಶುಕ್ರವಾರ ಬೆಳಿಗ್ಗೆ 9.30ಕ್ಕೆ ಅರುಣಕುಮಾರನ ಹೇಳಿಕೆಯನ್ನು ಮತ್ತೆ ಪಡೆಯಲಾಯಿತು. ಪುಸ್ತಕ ತಿಜೋರಿಯಿಂದ ಹೊರಗೆ ಬಂದದ್ದು ಒಂದೇ ಸಲ. ಹಳೆಯ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಬೇಕಿತ್ತು. ಜನವರಿ 11ರಿಂದ 20ರ ತನಕ, ಅಂದರೆ ಗಾಡಿ ವಾಡಿಯಿಂದ ವಾಪಸು ಬಂದ ಮೇಲೆ, ಅದು ಡ್ರೈವರ್ ಮಾಣಿಕಪ್ಪನ ಕೈಯಲ್ಲಿತ್ತು.

"ಮಾಣಿಕಪ್ಪ ಯಾರು?"

"ನಮ್ಮ ಅಪ್ಪನ ಡ್ರೈವರ್. ದಂಡೋತಿಯಂವ. ನಲವತ್ತೆರಡು ವರ್ಷ ಆತು ನಮ್ಮಲ್ಲೇ ಇದ್ದಾನ. ಅವನ ಮ್ಯಾಲ ಸಂಶಯ ಇಲ್ರಿ, ಮನಿ ಮನಷಾ ಇದ್ದಂಗ."

"ಸಂಕ್ರಾಂತಿಗಿ ಫ್ಯಾಕ್ಟರಿ ಬಂದ್ ಇತ್ತೇನು?"

"ಎರಡು ದಿನ ಬಂದ್. ಕೀಲಿ ಅವನ ಕಡೆನೇ..."

ಕಲ್ಲು ಎತ್ತುವ ಸರಪಳಿ ರಾಟೆ ಶೆಡ್ಡಿನಲ್ಲೇ ಇತ್ತು. ಇಂಜಿನ್ ಎತ್ತಲು ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ. ಯಂತ್ರಗಳಿಗೆ ನಂಬರು ಹೊಡೆಯುವ ಉಕ್ಕಿನ ಅಚ್ಚುಗಳೂ ಅಲ್ಲೇ ಡಬ್ಬಿಯಲ್ಲಿ ಸಿಕ್ಕವು. ಹನ್ನೊಂದು ಗಂಟೆಗೆ ಚಿತ್ತಾಪುರದ ಗುಜರಿ ಅಂಗಡಿಯಿಂದ ಫೈಜಾನ್ ಫೋನು ಮಾಡಿದ. ಮೊದಮೊದಲ ಅಂಬಾಸಿಡರಿಗೂ ಇದೇ ತರದ ಇಂಜಿನ್ ಇರುತ್ತಿತ್ತು. ಅಂಥದ್ದೊಂದನ್ನು ಡಿಸೆಂಬರ್ ಮೊದಲ ವಾರ ಖಾಕಿ ಅಂಗಿಯ ಮುದುಕನೊಬ್ಬ ಅಲ್ಲಿಂದ ಒಯ್ದಿದ್ದ. ಮಾಣಿಕಪ್ಪನ ಫೋಟೋ ತೋರಿಸಿದ ಕೂಡಲೇ ಅಂಗಡಿಯವನು ಹೌದೆಂದ.

ಅವನನ್ನು ಹುಡುಕಿಕೊಂಡು ಹೋಗುವ ಪ್ರಮೇಯವೇ ಬರಲಿಲ್ಲ. ಠಾಣೆಯ ಎದುರಿನ ಬೇವಿನ ಗಿಡದ ಕೆಳಗೆ ಬೆಳಿಗ್ಗೆಯಿಂದ ಒಬ್ಬ ಮುದುಕ ಕೂರುತ್ತಾನೆ, ಏಳುತ್ತಾನೆ, ಗೇಟಿನ ತನಕ ಬಂದು ತಿರುಗಿ ಹೋಗುತ್ತಾನೆ ಎಂದು ಪಹರೆಯವನು ಹೇಳಿದ. ಒಳಗೆ ಬೆಂಚಿನ ಮೇಲೆ ಲಾಲ್ ಅಹ್ಮದರನ್ನು ಕರೆಸಿ ಕೂರಿಸಲಾಗಿತ್ತು. ಗಿಡದ ಕೆಳಗಿದ್ದವನನ್ನು ಒಳಗೆ ಕರೆತಂದಾಗ ಅವನು ಆ ಬೆಂಚಿನ ಕಡೆ ನೋಡಲೇ ಇಲ್ಲ. ಸಮಯ 1.15.

"ಹೆಸರು?"

"ಮಾಣಿಕಪ್ಪ ರೀ."

"ವಯಸ್ಸು?"

"ಅರವತ್ತಾರು."

"ಮುಂಜಾನಿಂದ ಗಿಡದ ಬುಡಕ್ಕ ಯಾಕ ಕುಂತೀರಿ?"

"ಲಾಲ್ ಅಹ್ಮದ್ ಭಾಯಿನ ಇವತ್ತು ಒಳಗ ಹಾಕ್ತಾರ ಅಂತ ಕೇಳಿದೆ."

"ಹಾಕಬಾರದೇನು?"

ಮಾಣಿಕಪ್ಪ ತನ್ನ ಕೈಗಳನ್ನು ನೋಡಿಕೊಂಡ. "ಹಾಕಬ್ಯಾಡ್ರಿ. ಅವರಿಗಿ ಏನೂ ಗೊತ್ತಿಲ್ಲ. ನಾ ಮಾಡಿದ್ದು."

"ನಂಬರ್ ಹ್ಯಾಂಗ ಹೊಡದ್ರಿ?"

"ಪುಸ್ತಕ ನೋಡಿ."

"ಅಸಲಿ ಇಂಜಿನ್ ಕೈಯಾಗೇ ಇತ್ತಲ್ಲ. ಕೆರದು ನೋಡಿದ್ರ ಆಗ್ತಿತ್ತು."

"ನಲವತ್ತೆರಡು ದಸರಾ ನಾನೇ ಹಚ್ಚಿದ ಕುಂಕುಮ ಅದು ಸಾಹೇಬ್ರ. ನನ್ನ ಕೈಲೆ ಹ್ಯಾಂಗ ಕೆರೀಲಿ?"

"ಎಷ್ಟಕ್ಕ ಮಾರೀರಿ?"

ಮೊದಲ ಸಲ ಅವನು ತಲೆ ಎತ್ತಿದ. ಮುಖದಲ್ಲಿ ಅವಮಾನ ಕಾಣುತ್ತಿತ್ತು. "ಮಾರಿಲ್ಲ. ಕೊಡ್ಲಿಯೊಳಗ ಅದ. ನಡೀರಿ, ತೋರಸ್ತೀನಿ."

ಹೊರಗೆ ಕರೆದೊಯ್ಯುವಾಗ ಬೆಂಚಿನ ಮುಂದೆ ಅವನ ಕಾಲು ನಿಂತವು. ಲಾಲ್ ಅಹ್ಮದ್ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ನಾಕು ದಿನ ಆತು ಮಾಣಿಕ್, ನನ್ನ ಮನ್ಯಾಗ ಯಾರೂ ಉಂಡಿಲ್ಲ," ಎಂದರು. ಮಾಣಿಕಪ್ಪ ಕೈ ಜೋಡಿಸಿದ. ಲಾಲ್ ಅಹ್ಮದ್ ಮುಖ ತಿರುಗಿಸಿಕೊಂಡು ಎದ್ದು, ಮನೆಗೆ ಹೋಗಬಹುದೇ ಎಂದು ಇನ್‌ಸ್ಪೆಕ್ಟರನ್ನು ಕೇಳಿ, ಹೊರಟುಹೋದರು.

ಚಿತ್ತಾಪುರ ಹಿಂದೆ ಬಿತ್ತು. ದಂಡೋತಿಯ ಹತ್ತಿರ ಕಾಗಿಣಾ ಸೇತುವೆ ದಾಟುವಾಗ ಮಾಣಿಕಪ್ಪ ತನ್ನ ಊರಿನ ಕಡೆ ಕಣ್ಣು ಹಾಯಿಸಲಿಲ್ಲ. ಜೀಪಿನ ಹಿಂದೆ ಅರುಣಕುಮಾರನ ಕಾರು, ಅದರ ಹಿಂದೆ ದಾನಮ್ಮ, ಕೊನೆಗೆ ಜಪ್ತಿಯಾಗುವ ಮುದ್ದೆಮಾಲು ತರಲು ಒಂದು ಟೆಂಪೊ. ಯಾಕೆ ಮಾಡಿದೆ ಎಂದು ಮಡಿವಾಳಯ್ಯನವರು ದಾರಿಯಲ್ಲಿ ಮೂರು ಸಲ ಕೇಳಿದರು. ಮೂರು ಸಲವೂ ಅವನು, "ಅಲ್ಲೇ ನೋಡ್ರಿ," ಎಂದ.

4.50ಕ್ಕೆ ಕೊಡ್ಲಿ. ಅಕ್ಕ ಚಂದ್ರಕಲಾ ಹೊಲದಿಂದ ಆಗಷ್ಟೇ ಬಂದಿದ್ದಳು. ಪೊಲೀಸರ ಹಿಂದೆ ತಮ್ಮನನ್ನೂ ಕಂಡು ಅವಳ ಮುಖ ಸಣ್ಣದಾಯಿತು. ದನದ ಕೊಟ್ಟಿಗೆಯ ಅರ್ಧ ಭಾಗ ಖಾಲಿ ಮಾಡಿ, ಫರಸಿಯ ನಾಲ್ಕು ದಪ್ಪ ಕಲ್ಲಿನ ಮೇಲೆ ಇಂಜಿನ್ ಕೂರಿಸಲಾಗಿತ್ತು. ರೇಡಿಯೇಟರು, ಬ್ಯಾಟರಿ, ಗೋಡೆಗೆ ನೇತುಹಾಕಿದ ಪೆಟ್ರೋಲ್ ಡಬ್ಬಿ, ಹೊಗೆ ಹೊರಗೆ ಹೋಗಲು ಕಿಟಕಿಯ ತನಕ ಉದ್ದನೆಯ ಕೊಳವೆ. ಅದರ ಹಿಂದೆ ಲಾಲ್ ಅಹ್ಮದ್ ಬಿಚ್ಚಿ ಮರಳಿ ಕೊಟ್ಟಿದ್ದ ಕಾರಿನ ಹಳೆಯ ಹಿಂದಿನ ಸೀಟು.

"ಅರುಣನೇ ಕೊಟ್ಟಾನ ಅಂತ ಮಾಣಿಕಣ್ಣ ಹೇಳಿದ್ರಿ," ಎಂದಳು ಚಂದ್ರಕಲಾ. ಅವಳ ಹೇಳಿಕೆಯನ್ನು ಫೈಜಾನ್ ಬರೆದುಕೊಂಡ.

ಅಪ್ಪನಿಗೆ ಎಂಬತ್ತೆಂಟು. ಎರಡು ವರ್ಷದಿಂದ ನೆನಪಿಲ್ಲ. ಒಂದು ಕಡೆ ಕೂರುವುದಿಲ್ಲ. 'ಗಾಡಿ ತಗೀರಿ, ಹೊತ್ತಾತು' ಎನ್ನುತ್ತ ಬೆಳಗಿನಿಂದ ಸಂಜೆಯ ತನಕ ನಡೆಯುತ್ತಾರೆ. ಎರಡು ಸಲ ಚಿಂಚೋಳಿ ರಸ್ತೆಯಲ್ಲಿ ಲಾರಿಯ ಮುಂದೆ ಸಿಕ್ಕರು.

"ನನಗ್ಯಾಕ ಹೇಳಲಿಲ್ಲ?" ಎಂದ ಅರುಣಕುಮಾರ.

"ಹೇಳಿದ್ದೆ. ಆಳು ಕಳಸ್ತೀನಿ ಅಂದಿ. ಆಳು ಬಂದ, ಎಂಟು ದಿನಕ್ಕ ಓಡಿ ಹ್ವಾದ. ಆಮ್ಯಾಲ ನೀ ಕೇಳಲಿಲ್ಲ, ನಾ ಹೇಳಲಿಲ್ಲ." ಅವಳು ಇನ್‌ಸ್ಪೆಕ್ಟರ ಕಡೆ ತಿರುಗಿದಳು. "ನಾ ಹೊಲಕ್ಕ ಹೋಗದಿದ್ರ ನಡ್ಯಂಗಿಲ್ರಿ. ಹಳೇ ಸೀರಿ ಹರದು ಅಪ್ಪನ ಕಾಲು ಹೊರಸಿಗಿ ಕಟ್ಟಿ ಹೋಗ್ತಿದ್ದೆ. ದೀಪಾವಳಿ ಆದ ಮ್ಯಾಲ ಮಾಣಿಕಣ್ಣ ಮಾತಾಡಿಸ್ಲಿಕ್ಕೆ ಬಂದ್ರು. ಆ ಗಂಟು ನೋಡಿದ್ರು. ಅಲ್ಲೇ ಕುಂತು ಬಿಚ್ಚಿದ್ರು."

ಕಾರಿನ ಸದ್ದು ಕೇಳಿದರೆ ಕೂತಾರು ಎಂದು ಮಾಣಿಕಪ್ಪ ಮೊಬೈಲಿನಲ್ಲಿ ಅದನ್ನು ಹಾಕಿ ಕೇಳಿಸಿದರೆ ಶಿವರಾಯಪ್ಪ ಫೋನನ್ನೇ ಬೀಸಿ ಒಗೆದರು. ಆಮೇಲೆ ಅವನು ಚಿತ್ತಾಪುರದಿಂದ ಗುಜರಿ ಇಂಜಿನ್ ತಂದು, ವಾರಗಟ್ಟಲೆ ಕೂತು ಚಾಲೂ ಮಾಡಿದ. ಮುದುಕ ಬಂದು ನಿಂತು ಕೇಳಿದರು. 'ಇದು ಯಾರ ಗಾಡಿ ಮಾಣಿಕ್ಯಾ? ನಮ್ಮದು ತಾ' ಎಂದು ತಿರುಗಿ ನಡೆದರು. ಸ್ವಂತ ಮಗನ ಹೆಸರು ಮರೆತರೂ ಆ ಇಂಜಿನ್ನಿನ ದನಿ ಅವರಿಗೆ ಮರೆತಿರಲಿಲ್ಲ.

"ಅರುಣಪ್ಪಗ ಕೇಳಿದ್ದೆ ಸಾಹೇಬ್ರ," ಎಂದ ಮಾಣಿಕಪ್ಪ. "ಇಂಜಿನ್ ಕೊಡ್ರಿ, ಅಂಥದೇ ಇನ್ನೊಂದು ಹಾಕಿಕೊಡ್ತೀನಿ, ಗಾಡಿ ಹಂಗೇ ಓಡತದ ಅಂದೆ. ನಕ್ಕು, ಬೇಕಾದ್ರ ಹಾರನ್ ಬಿಚ್ಚಿಕೊಂಡು ಒಯ್ಯಿ ಅಂದ್ರು. ಸಂಕ್ರಾಂತಿಗಿ ಬದಲಿ ಮಾಡಿದೆ. ಅವರಿಗೂ ಲುಕ್ಸಾನ್ ಆಗಬಾರದು ಅಂತ ನಂಬರ್ ಹೊಡದೆ."

ಆ ಮಾತು ಆಡಿದ್ದು ಅರುಣಕುಮಾರನಿಗೆ ನೆನಪಿತ್ತು.

5.25ಕ್ಕೆ ಜಪ್ತಿ ಪಂಚನಾಮೆ. ದಾನಮ್ಮ ಸೀಮೆಎಣ್ಣೆಯ ಬಟ್ಟೆ ಹಿಡಿದು ಕುಂಕುಮದ ಕರಿಯ ಪದರು ಕೆರೆಯತೊಡಗಿದಾಗ ಮಾಣಿಕಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತ. ಒಂದೊಂದಾಗಿ ಅಂಕಿಗಳು ಎದ್ದವು, ಸಾಲಾಗಿ, ಒಂದೇ ಆಳದಲ್ಲಿ. 62841. ಕಾರಿನ ಹುಟ್ಟು ಇಂಜಿನ್ ಇದೇ ಎಂದು ದಾನಮ್ಮ ಬರೆದು ಸಹಿ ಮಾಡಿದರು.

"ಚಾಲೂ ಸ್ಥಿತಿ ಬರೀಬೇಕು ಸರ್," ಎಂದ ಫೈಜಾನ್.

"ಚಾಲೂ ಮಾಡ್ರಿ ಮಾಣಿಕಪ್ಪ."

ಇಂಜಿನ್ ಒಂದೇ ಏಟಿಗೆ ಹಿಡಿಯಿತು. ಗಂಟಲು ತುಂಬಿದ, ತೂಕದ ಸದ್ದು. ಒಳಮನೆಯಿಂದ ಶಿವರಾಯಪ್ಪ ಗೋಡೆ ಹಿಡಿದು ಬಂದರು. ಕೈ ಗಡಗಡ ನಡುಗುತ್ತಿತ್ತು, ಕಣ್ಣು ಅತ್ತಿತ್ತ ಓಡುತ್ತಿತ್ತು. ಯಾರನ್ನೂ ನೋಡದೆ ಬಂದು ಹಳೆಯ ಸೀಟಿನ ಮೇಲೆ ಕೂತರು. ಕೂತ ಮೇಲೆ ಕೈ ನಿಂತಿತು, ಕಣ್ಣೂ ನಿಂತವು. ಕೊಟ್ಟಿಗೆಯ ಗೋಡೆಯನ್ನು ಕಾರಿನ ಕಿಟಕಿಯಾಚೆಯ ಹೊಲಗದ್ದೆ ನೋಡುವ ಹಾಗೆ ನೋಡುತ್ತ ಹಿಂದಕ್ಕೆ ಒರಗಿದರು.

"ಅಪ್ಪಾ," ಎಂದು ಅರುಣಕುಮಾರ ಪಕ್ಕದಲ್ಲಿ ಕೂರಲು ಹೋದ.

ಶಿವರಾಯಪ್ಪ ಸೀಟಿನ ಮೇಲೆ ಅಂಗೈ ಇಟ್ಟು ತಡೆದರು. "ಇಲ್ಲಿ ಬ್ಯಾಡ್ರಿ. ಈ ಕಡಿ ನಮ್ಮ ಅರುಣ ಕೂಡ್ತಾನ."

ಅರುಣಕುಮಾರ ಕೊಟ್ಟಿಗೆಯ ಹೊರಗೆ ಹೋದ. ಆಮೇಲೆ ಬಂದು ಇನ್‌ಸ್ಪೆಕ್ಟರನ್ನು ಕೇಳಿದ, "ಕೇಸ್ ವಾಪಸ್ ತಗೋತೀನಿ. ಆಗ್ತದೇನ್ರಿ?"

"ಎಫ್.ಐ.ಆರ್. ಆಗಿ ಹೋಗ್ಯದ. ನನ್ನ ಕೈಯಾಗ ಇಲ್ಲ. ಇಂಜಿನ್ ಈಗ ಕೋರ್ಟಿಗಿ ಹೋಗಬೇಕು. ನೀವು ಅರ್ಜಿ ಕೊಟ್ರ ಕೆಲವು ದಿನದಾಗ ನಿಮ್ಮ ತಾಬಾ ಕೊಡ್ತಾರ. ಆಮ್ಯಾಲ ಅದನ್ನ ಎಲ್ಲಿ ಇಡ್ತೀರಿ ಅನ್ನೂದು ನಿಮಗ ಬಿಟ್ಟಿದ್ದು."

ಮಡಿವಾಳಯ್ಯನವರು ದಸ್ತಗಿರಿ ಜ್ಞಾಪನ ತಾವೇ ಬರೆಯತೊಡಗಿದರು. 'ಸ್ವಂತ ಲಾಭಕ್ಕಾಗಿ' ಎಂದು ಪ್ರತಿ ಕಳ್ಳತನದ ಕಾಗದದಲ್ಲೂ ರೂಢಿಯ ಮಾತೊಂದು ಬರುತ್ತದೆ. ಕೈ ಅದನ್ನು ಬರೆದೂ ಬಿಟ್ಟಿತ್ತು. ಅದನ್ನು ಹೊಡೆದುಹಾಕಿ, ಯಜಮಾನರ ಕಾಲು ಕಟ್ಟಿದ್ದನ್ನು ಕಂಡು ತಡೆಯಲಾರದೆ ಎಂದು ಬರೆದರು. ಮೇಲಿನವರು ಏನಾದರೂ ಅಂದುಕೊಳ್ಳಲಿ.

ಹೊರಗೆ ಟೆಂಪೊದವನು ಎರಡು ಸಲ ಹಾರನ್ ಹಾಕಿದ. ಇಂಜಿನ್ ನಿಲ್ಲಿಸು ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಮಾಣಿಕಪ್ಪನೇ ಇನ್‌ಸ್ಪೆಕ್ಟರ ಮುಖ ನೋಡಿ, ಮುಂದೆ ಬಗ್ಗಿ ಸ್ವಿಚ್ ತಿರುಗಿಸಿದ.

ಒರಗಿದಲ್ಲೇ ಕಣ್ಣು ಮುಚ್ಚಿದ್ದ ಶಿವರಾಯಪ್ಪ ಎಚ್ಚರಾದರು. "ಊರು ಬಂತೇನು ಮಾಣಿಕ್ಯಾ?"

"ಬಂತ್ರಿ ಸಾವಕಾರ್ರ."

"ಇಷ್ಟು ಲಗೂನ?"

"ರಸ್ತಾ ಖುಲ್ಲಾ ಇತ್ತರಿ."

ಸಮಯ 6.05. ಫೈಜಾನ್ ಮಾಣಿಕಪ್ಪನ ತೋಳು ಹಿಡಿದು ಹೊರಗೆ ನಡೆಸಿದ. ಜೀಪಿನ ಹತ್ತಿರ ಹೋಗುವಷ್ಟರಲ್ಲಿ ಚಂದ್ರಕಲಾ ಬಾಗಿಲಿಗೆ ಓಡಿ ಬಂದಳು. ಅಪ್ಪ ಸೀಟಿನಿಂದ ಏಳುತ್ತಿಲ್ಲ, ಎಬ್ಬಿಸಿದರೆ ಸಿಟ್ಟು ಮಾಡುತ್ತಾರೆ, ಮಾಣಿಕ್ಯಾ ಇನ್ನೂ ಬಾಗಿಲು ತೆಗೆದಿಲ್ಲ ಅನ್ನುತ್ತಾರೆ ಎಂದಳು.

ಮಾಣಿಕಪ್ಪ ಇನ್‌ಸ್ಪೆಕ್ಟರ ಕಡೆ ನೋಡಿದ. ಮಡಿವಾಳಯ್ಯನವರು ಫೈಜಾನನಿಗೆ ಕೈ ಬಿಡು ಎಂದು ಸನ್ನೆ ಮಾಡಿದರು.

ಅವನು ಒಳಗೆ ಹೋಗಿ, ಖಾಕಿ ಅಂಗಿಯ ಗುಂಡಿ ಸರಿಮಾಡಿಕೊಂಡು, ಸೀಟಿನ ಎಡಕ್ಕೆ ನಿಂತ. ಬರಿ ಗಾಳಿಯಲ್ಲಿ ಹಿಡಿಕೆ ಹಿಡಿದು, ಇಲ್ಲದ ಬಾಗಿಲನ್ನು ಮೆಲ್ಲಗೆ ಹೊರಕ್ಕೆ ಎಳೆದು, ಅದಕ್ಕೆ ತಾಕದ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ.

"ಇಳೀರಿ ಸಾವಕಾರ್ರ," ಎಂದ.

ಶಿವರಾಯಪ್ಪ ತಲೆ ತಾಕದಂತೆ ಬಗ್ಗಿ ಇಳಿದರು.